ಮಗು ಹೋಗುವ ದಾರಿಯಲ್ಲೇ ಪಿಜಿಯೂ ಹೋಗಿ ಬರಲಿ

ಪ್ರಶ್ನೆ: ಮೇಡಂ, ನಾನು ಉತ್ತರ ಕನ್ನಡ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ) ತರಬೇತಿಯ ಜವಾಬ್ದಾರಿ ನೋಡಿಕೊಳ್ಳುತ್ತೇನೆ. ಪಿಜಿಗಳು ಕೆಲವೇ ಮಂದಿ, ಕಲಿಸುವವರೂ ಕಡಿಮೆ. ನವಜಾತ ಶಿಶುಗಳು, ಡೆಂಗಿ, ನ್ಯುಮೋನಿಯಾ, ಹಾವು ಕಡಿತ ಸಾಕಷ್ಟು ಬರುತ್ತವೆ. ಆದರೆ ಮಕ್ಕಳ ಕ್ಯಾನ್ಸರ್, ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ ಆದ ಮಕ್ಕಳು, ಇವನ್ನು ನಮ್ಮ ಪಿಜಿಗಳು ಪುಸ್ತಕದಲ್ಲಷ್ಟೇ ನೋಡುತ್ತಾರೆ. ಹುಬ್ಬಳ್ಳಿ, ಬೆಳಗಾವಿ, ಮಣಿಪಾಲ, ಗೋವಾ ಕಡೆಯ ಪಿಜಿ ತರಬೇತಿ ಮುಖ್ಯಸ್ಥರ ಜೊತೆ ಸೇರಿ ಏನಾದರೂ ಮಾಡಬೇಕೆಂಬ ಆಸೆ. ಸಹೋದ್ಯೋಗಿಗಳು ಒಪ್ಪುತ್ತಿಲ್ಲ. ನಿಯಮ ಬಿಡುವುದಿಲ್ಲ ಎನ್ನುತ್ತಾರೆ ಕೆಲವರು. ಆನ್‌ಲೈನ್ ಕ್ಲಾಸ್ ಇದೆಯಲ್ಲ, ಸಾಕು ಎನ್ನುತ್ತಾರೆ ಇನ್ನು ಕೆಲವರು. ಪಿಜಿಗಳನ್ನು ಹೊರಗೆ ಕಳಿಸಿದರೆ ವಾರ್ಡ್ ನೋಡುವವರು ಯಾರು ಎಂಬ ಮಾತೂ ಇದೆ. ಹಿರಿಯರೊಬ್ಬರಂತೂ ‘ನಮ್ಮ ಕೊರತೆಯನ್ನು ನಾವೇ ಊರಿಗೆಲ್ಲ ಸಾರಬೇಕಾ?’ ಎಂದರು. ಇದು ಆಗುವ ಕೆಲಸವಾ? ಆಗುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಡಾಕ್ಟರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಪಿಜಿಗಳಿಗೆ ಎಲ್ಲ ಬಗೆಯ ಕಾಯಿಲೆ ನೋಡಲು ಸಿಗುತ್ತಿಲ್ಲ ಎನ್ನುವುದು ಒಂದು. ನಮ್ಮ ಮನೆಯ ಬಾಗಿಲು ತೆರೆದರೆ ಬೇರೆಯವರು ಏನೆಂದುಕೊಂಡಾರು ಎನ್ನುವುದು ಇನ್ನೊಂದು. ಎರಡನೆಯದೇ ದೊಡ್ಡದು. ನಾನು ಪಿಜಿ ತರಬೇತಿ ನಡೆಸಿದ ವರ್ಷಗಳಲ್ಲಿ ಕಂಡಿದ್ದೂ ಅದನ್ನೇ.

ಮೊದಲಿನದನ್ನು ನೋಡೋಣ. ಎಂಡಿ ಪೀಡಿಯಾಟ್ರಿಕ್ಸ್ 3 ವರ್ಷದ ಕೋರ್ಸು. ಅದರಲ್ಲಿ ಪ್ರಬಂಧ ಬರೆಯಬೇಕು, ಲಾಗ್‌ಬುಕ್ ತುಂಬಬೇಕು, ಹಗಲು ರಾತ್ರಿ ಡ್ಯೂಟಿ ಮಾಡಬೇಕು. ಇಷ್ಟರೊಳಗೆ ಮಕ್ಕಳ ಎಲ್ಲ ಕಾಯಿಲೆಯನ್ನೂ ತೋರಿಸುವ ವಾರ್ಡು ಎಲ್ಲೂ ಇಲ್ಲ. ದೊಡ್ಡ ಊರಿನ ದೊಡ್ಡ ಕಾಲೇಜಿನಲ್ಲೂ ಇಲ್ಲ. ಇದನ್ನು ಸಣ್ಣ ಆಸ್ಪತ್ರೆಯವರಿಗೆ ಸಮಾಧಾನ ಹೇಳಲೆಂದು ಬರೆಯುತ್ತಿಲ್ಲ.

ಒಂದು ಮಗು ನೆನಪು ಮಾಡಿಕೊಳ್ಳಿ. ರಾತ್ರಿ ನೆಲದ ಮೇಲೆ ಮಲಗಿತ್ತು. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು ಅಳುತ್ತದೆ. ಮೈಮೇಲೆ ಗಾಯವಿಲ್ಲ, ಬಾವಿಲ್ಲ. ಅಜೀರ್ಣ ಇರಬೇಕು ಎಂದು ಮನೆಯವರು ಕಷಾಯ ಕೊಟ್ಟಿರುತ್ತಾರೆ. ಆಸ್ಪತ್ರೆಗೆ ಬರುವಷ್ಟರಲ್ಲಿ ರೆಪ್ಪೆ ಜೋಲು ಬಿದ್ದಿರುತ್ತದೆ, ಎಂಜಲು ನುಂಗಲು ಆಗುತ್ತಿರುವುದಿಲ್ಲ. ಕಟ್ಟುಹಾವು ಕಡಿದರೆ ಹೀಗೂ ಆಗುತ್ತದೆ ಎಂದು ಆ ಹೊತ್ತಿಗೆ ಹೊಳೆಯಬೇಕು. ನಿಮ್ಮ ಕ್ಯಾಶುವಾಲಿಟಿಯಲ್ಲಿ ನಿಂತ ಪಿಜಿಗೆ ಹೊಳೆಯುತ್ತದೆ. ದೊಡ್ಡ ಆಸ್ಪತ್ರೆಯ ಪಿಜಿಗೆ ಆ ಮಗು ಸಿಗುವುದು ಆಮೇಲೆ. ಅಷ್ಟೊತ್ತಿಗೆ ರೋಗ ಯಾವುದೆಂದು ಗೊತ್ತಾಗಿರುತ್ತದೆ, ಬಾಯಲ್ಲಿ ಟ್ಯೂಬ್ ಇರುತ್ತದೆ, ರೆಫರಲ್ ಚೀಟಿಯಲ್ಲಿ ಎಲ್ಲ ಬರೆದಿರುತ್ತದೆ. ವೆಂಟಿಲೇಟರ್ ನಡೆಸುವುದನ್ನು ಅವರು ಚೆನ್ನಾಗಿ ಕಲಿಯುತ್ತಾರೆ. ಆ ಮೊದಲ ಗಂಟೆ ಮಾತ್ರ ಅವರಿಗೆ ಸಿಗುವುದೇ ಇಲ್ಲ.

ಸಣ್ಣ ನುಸಿ ಕಚ್ಚಿ ಬರುವ ಜ್ವರ, ಸ್ಕ್ರಬ್ ಟೈಫಸ್ ಕೂಡ ಹಾಗೇ. ಜ್ವರದ ಮಗುವಿನ ಬಟ್ಟೆ ಬಿಚ್ಚಿ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಆ ಸಣ್ಣ ಕಪ್ಪು ಹಕ್ಕಳೆ ಹುಡುಕುವ ಅಭ್ಯಾಸ ವಾರ್ಡಿನಲ್ಲಿ ಕೈ ಹಿಡಿದು ತೋರಿಸಿದರೆ ಮಾತ್ರ ಬರುವುದು. ಬೇಸಿಗೆಯಲ್ಲಿ ಸಿದ್ದಾಪುರ ಕಡೆಯಿಂದ ಜ್ವರದ ಮಗು ಬಂದರೆ ಮಂಗನ ಕಾಯಿಲೆ ನೆನಪಾಗಬೇಕು, ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ ಎಂದು ಕೇಳಬೇಕು. ಇದೆಲ್ಲ ನಿಮ್ಮಲ್ಲಿದೆ. ಹಾಗಾಗಿ ನೀವು ಬೇರೆ ಕಾಲೇಜಿನವರ ಎದುರು ಬೇಡಲು ಹೋಗುತ್ತಿಲ್ಲ. ಕೊಡಲು ಏನಿದೆ, ಪಡೆಯಬೇಕಾದ್ದು ಏನಿದೆ ಎಂದು ಎರಡು ಸಾಲಿನಲ್ಲಿ ಬರೆದುಕೊಂಡು ಹೋಗಿ.

ಇನ್ನು ನಿಮ್ಮ ಸಹೋದ್ಯೋಗಿಗಳ ಮಾತು. ‘ನಿಯಮ ಬಿಡುವುದಿಲ್ಲ’ ಎನ್ನುವುದು ಅರ್ಧ ನಿಜ. ಪಿಜಿಯ ತರಬೇತಿ ಸೀಟು ಸಿಕ್ಕ ಸಂಸ್ಥೆಯಲ್ಲೇ ನಡೆಯಬೇಕು. ಶೇ 80 ಹಾಜರಾತಿ ಬೇಕು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗಾವಣೆ ಇಲ್ಲ. ಅಂದಮೇಲೆ ದೊಡ್ಡ ಕಾಲೇಜಿನವರು ನಮ್ಮ ಪಿಜಿಗಳನ್ನು ಎಳೆದುಕೊಂಡಾರು ಎಂಬ ಭಯವನ್ನು ಈಗಲೇ ಬಿಟ್ಟುಬಿಡಬಹುದು. ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ ನಿಮಗೆ ಗೊತ್ತೇ ಇದೆ. 3, 4 ಅಥವಾ 5ನೇ ಸೆಮಿಸ್ಟರಿನಲ್ಲಿ 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅಂದರೆ ತನ್ನ ಕಾಲೇಜಿನ ಗೋಡೆಯಾಚೆಗೂ ಪಿಜಿ ಕಲಿಯಬೇಕು ಎನ್ನುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಒಪ್ಪಿದೆ. ಅದು ಬಿಟ್ಟು ಬೇರೆ ಆಸ್ಪತ್ರೆಗೆ ಕೆಲವು ವಾರ ಕಳಿಸಬೇಕೆಂದರೆ ಎರಡೂ ಸಂಸ್ಥೆಯ ಮುಖ್ಯಸ್ಥರ ಮತ್ತು ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಬಾಯಿಮಾತಿನ ಮೇಲೆ ಕಳಿಸಬೇಡಿ. ಪರೀಕ್ಷೆಯ ಹೊತ್ತಿಗೆ ಹಾಜರಾತಿ ತಕರಾರು ಬಂದರೆ ನರಳುವುದು ಆ ಹುಡುಗ ಅಥವಾ ಹುಡುಗಿ. ಇನ್ನು ಒಟ್ಟಿಗೆ ಕೇಸ್ ಚರ್ಚೆ ಮಾಡುವುದು, ಅಣಕು ಪರೀಕ್ಷೆ ನಡೆಸುವುದು, ಮುಖ್ಯಸ್ಥರು ತಿಂಗಳಿಗೊಮ್ಮೆ ಮಾತಾಡಿಕೊಳ್ಳುವುದು, ಇದಕ್ಕೆ ಯಾರೂ ಬೇಡ ಎನ್ನುವುದಿಲ್ಲ.

‘ಆನ್‌ಲೈನ್ ಕ್ಲಾಸ್ ಸಾಕು’ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಥಿಯರಿಗೆ ಸಾಕು. ಉಸಿರಾಡದೆ ಹುಟ್ಟಿದ ಮಗುವಿಗೆ ಮೊದಲ ಒಂದು ನಿಮಿಷದಲ್ಲಿ ಮಾಸ್ಕ್ ಸರಿಯಾಗಿ ಕೂರಿಸಿ ಉಸಿರು ಕೊಡುವುದು ಸ್ಕ್ರೀನ್ ನೋಡಿದರೆ ಬರುವುದಿಲ್ಲ.

ಈಗ ನಿಜವಾದ ಕಾರಣಕ್ಕೆ ಬರೋಣ. ಇಷ್ಟು ಹತ್ತಿರ ಇದ್ದೂ ನಮ್ಮ ಮಕ್ಕಳ ವಿಭಾಗಗಳು ಯಾಕೆ ಒಂದಕ್ಕೊಂದು ದೂರ? ಉತ್ತರ ಕನ್ನಡದ ನಕಾಶೆ ಮುಂದಿಟ್ಟುಕೊಳ್ಳಿ. ಕಾಯಿಲೆ ಜೋರಾದರೆ ಭಟ್ಕಳ, ಹೊನ್ನಾವರದ ಮಗು ಮಣಿಪಾಲಕ್ಕೆ ಹೋಗುತ್ತದೆ. ಕಾರವಾರದ್ದು ಗೋವಾದ ಬಾಂಬೋಳಿಗೆ. ಶಿರಸಿ, ಯಲ್ಲಾಪುರ, ಮುಂಡಗೋಡದ್ದು ಹುಬ್ಬಳ್ಳಿಗೆ. ಹಳಿಯಾಳ, ದಾಂಡೇಲಿಯದ್ದು ಧಾರವಾಡಕ್ಕೋ ಬೆಳಗಾವಿಗೋ. ಒಂದೇ ಜಿಲ್ಲೆಯ ಮಕ್ಕಳು ನಾಲ್ಕು ದಿಕ್ಕಿಗೆ. ಆ ಕಾಲೇಜುಗಳೋ ಬೇರೆ ಬೇರೆ ವಿಶ್ವವಿದ್ಯಾಲಯದವು. ಹುಬ್ಬಳ್ಳಿಯದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಣಿಪಾಲದ್ದು ಡೀಮ್ಡ್ ವಿಶ್ವವಿದ್ಯಾಲಯ, ಗೋವಾದ್ದು ಬೇರೆ ರಾಜ್ಯ. ಪರೀಕ್ಷೆ ಬೇರೆ, ವೇಳಾಪಟ್ಟಿ ಬೇರೆ. ಮುಖ್ಯಸ್ಥರು ಭೇಟಿಯಾಗುವುದು ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಆಗಿ ಹೋದಾಗ, ಇಲ್ಲವೇ ಮಕ್ಕಳ ವೈದ್ಯರ ಸಂಘವಾದ ಐಎಪಿಯ ಸಮ್ಮೇಳನದಲ್ಲಿ. ಅಲ್ಲಿ ಊಟ ಆಗುತ್ತದೆ, ಫೋಟೋ ಆಗುತ್ತದೆ. ಪಿಜಿ ತರಬೇತಿಯ ಮಾತು ಆಗುವುದು ಅಪರೂಪ.

ಇನ್ನೊಂದು ಕಾರಣ ಕಾಲೇಜಿನ ಮಾನ್ಯತೆಗಾಗಿ ನಡೆಯುವ ತಪಾಸಣೆ. ತಂಡ ಬರುವ ಹಿಂದಿನ ವಾರ ಎಲ್ಲ ವಿಭಾಗವೂ ತನ್ನ ಕೊರತೆ ಮುಚ್ಚಿಡಲು ಓಡಾಡುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ, ಪಕ್ಕದ ಕಾಲೇಜಿನವರ ಮುಂದೆಯೂ ‘ನಮ್ಮಲ್ಲಿ ಎಲ್ಲ ಸರಿ ಇದೆ’ ಎನ್ನುವುದು ರೂಢಿಯಾಗಿಬಿಟ್ಟಿದೆ. ನಿಮ್ಮ ಹಿರಿಯರ ಮಾತು ಬಂದಿದ್ದು ಇಲ್ಲಿಂದ. ಅವರನ್ನು ನಾನು ದೂರುವುದಿಲ್ಲ. ಆದರೆ ಪಕ್ಕದ ಕಾಲೇಜಿನ ಮುಖ್ಯಸ್ಥರು ತಪಾಸಣೆಯ ತಂಡ ಅಲ್ಲ. ಅವರಿಗೂ ರಾತ್ರಿ ಡ್ಯೂಟಿಗೆ ಜನ ಸಾಲುವುದಿಲ್ಲ, ಅವರ ಪಿಜಿಯೂ ಪರೀಕ್ಷೆಯಲ್ಲಿ ಫೇಲ್ ಆಗುತ್ತಾನೆ, ಅವರಲ್ಲೂ ಯಾರೋ ಒಬ್ಬಳು ಹಾಸ್ಟೆಲಿನ ರೂಮಿನಿಂದ ಹೊರಗೆ ಬರುತ್ತಿರುವುದಿಲ್ಲ.

ಅಮೆರಿಕದಲ್ಲಿ ಮಕ್ಕಳ ರೆಸಿಡೆನ್ಸಿ ಮುಖ್ಯಸ್ಥರಿಗೆಂದೇ ಒಂದು ಸಂಘ ಇದೆ. ಅದರೊಳಗೆ ಪ್ರದೇಶವಾರು ಗುಂಪುಗಳೂ ಇವೆ. ಅಕ್ಕಪಕ್ಕದ ಊರಿನ ಮುಖ್ಯಸ್ಥರು ಸೇರಿ ಸಂದರ್ಶನ, ಮೌಲ್ಯಮಾಪನ, ಕಷ್ಟದಲ್ಲಿರುವ ರೆಸಿಡೆಂಟ್, ಎಲ್ಲ ಮಾತಾಡಿಕೊಳ್ಳುತ್ತಾರೆ. ಅವರ ದುಡ್ಡು, ಅವರ ವ್ಯವಸ್ಥೆ ಬೇರೆ. ಅದನ್ನು ಎತ್ತಿ ಇಲ್ಲಿ ಇಡಲು ಆಗುವುದಿಲ್ಲ. ಆದರೆ ಅಲ್ಲಿನ ಹಲವು ತರಬೇತಿ ಕೇಂದ್ರಗಳು ಕೂಡಿ ಮಾಡಿದ ಒಂದು ಕೆಲಸವನ್ನು ನಾವು ನಾಳೆಯೇ ತೆಗೆದುಕೊಳ್ಳಬಹುದು. ಡ್ಯೂಟಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವ ಕ್ರಮ ಅದು, ನಮ್ಮ ವಾರ್ಡಿನ ಮಾತಿನಲ್ಲಿ ‘ಓವರ್ ಕೊಡುವುದು’. ಐ-ಪಾಸ್ ಎಂದು ಅದರ ಹೆಸರು. ಅಮೆರಿಕ ಮತ್ತು ಕೆನಡಾದ 9 ಮಕ್ಕಳ ರೆಸಿಡೆನ್ಸಿ ಕೇಂದ್ರಗಳು ಒಂದೇ ಕ್ರಮ ಕಲಿಸಿ, ಒಂದೇ ರೀತಿ ಅಳೆದು ನೋಡಿದವು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಚಿಕಿತ್ಸೆಯಲ್ಲಿನ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿ ಶೇ 30ರಷ್ಟು ಇಳಿದಿದ್ದವು. ಒಂದೇ ಆಸ್ಪತ್ರೆ ಮಾಡಿದ್ದರೆ ‘ಅವರಲ್ಲಿ ಒಳ್ಳೆಯ ಪಿಜಿಗಳಿದ್ದರು, ಅದಕ್ಕೇ’ ಎಂದು ಜನ ತಳ್ಳಿಹಾಕುತ್ತಿದ್ದರು. ಒಂಬತ್ತು ಕಡೆ ಸೇರಿ ಮಾಡಿದ್ದಕ್ಕೆ ಆ ಮಾತಿಗೆ ಬೆಲೆ ಬಂತು.

ಅದರಲ್ಲಿ ಏನಿದೆ ಎಂದು ಹೇಳುತ್ತೇನೆ. ಮಗುವಿನ ಸ್ಥಿತಿ ಎಷ್ಟು ಗಂಭೀರ, ಏನಾಗಿ ಬಂತು, ಈ ಪಾಳಿಯಲ್ಲಿ ಏನು ಮಾಡಬೇಕು, ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು. ಕೊನೆಗೆ ಕೇಳಿಸಿಕೊಂಡವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅಷ್ಟೇ. ಈಗ ಮಳೆಗಾಲದ ನಮ್ಮ ವಾರ್ಡಿಗೆ ಬನ್ನಿ. ‘ಬೆಡ್ ಏಳು, ಡೆಂಗಿ, ಐದನೇ ದಿನ. ಬೆಳಿಗ್ಗೆಯಿಂದ ಜ್ವರ ಇಲ್ಲ, ಆರಾಮಿದ್ದಾನೆ’ ಎಂದು ಓವರ್ ಕೊಟ್ಟು ಹೋಗುತ್ತಾರೆ. ಹೊಸದಾಗಿ ಬಂದವರು ಆ ಬೆಡ್ಡನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಯೇ ಅಪಾಯದ ಹೊತ್ತು. ಅದನ್ನೇ ಹೀಗೆ ಹೇಳಿದರೆ? ‘ಬೆಡ್ ಏಳು, ಕಣ್ಣಿಡಬೇಕಾದ ಮಗು. ಜ್ವರ ಬಿಟ್ಟು ಆರು ಗಂಟೆ ಆಯಿತು. ಹತ್ತು ಗಂಟೆಗೆ ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಪರೀಕ್ಷೆ) ನೋಡು. ಪಿಸಿವಿ ಏರಿದರೆ, ಹೊಟ್ಟೆನೋವು ಅಥವಾ ವಾಂತಿ ಶುರುವಾದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಕಾಯಬೇಡ, ಫ್ಲೂಯಿಡ್ ಬದಲಿಸಬೇಕು, ನನ್ನನ್ನು ಕರೆ.’ ಇದಕ್ಕೆ ಹೆಚ್ಚೆಂದರೆ ಅರ್ಧ ನಿಮಿಷ ಜಾಸ್ತಿ ಬೇಕು. ಹೊಸ ಯಂತ್ರ ಬೇಡ, ದುಡ್ಡು ಬೇಡ.

ನಿಮ್ಮ ‘ಎಲ್ಲಿಂದ ಶುರು ಮಾಡಲಿ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಒಡಂಬಡಿಕೆ ಪತ್ರ, ಉದ್ಘಾಟನೆ, ಬ್ಯಾನರ್ ಇದ್ಯಾವುದೂ ಮೊದಲು ಬೇಡ. ಈಗಾಗಲೇ ನಿಮ್ಮ ಮಕ್ಕಳು ಹೋಗುತ್ತಿರುವ ದಾರಿಯಲ್ಲೇ ಶುರು ಮಾಡಿ. ನಿಮ್ಮಿಂದ ಅತಿ ಹೆಚ್ಚು ರೆಫರ್ ಆಗುವ ಆಸ್ಪತ್ರೆ ಯಾವುದೋ ಅದರ ಪಿಜಿ ತರಬೇತಿ ಮುಖ್ಯಸ್ಥರಿಗೆ ಫೋನ್ ಮಾಡಿ. ಒಂದೇ ಕೇಳಿ: ನಾವು ಕಳಿಸಿದ ಮಗು ನಿಮ್ಮಲ್ಲಿ ತಲುಪಿದಾಗ ಹೇಗಿತ್ತು ಎಂದು ನಮಗೆ ತಿರುಗಿ ತಿಳಿಸುತ್ತೀರಾ?

ಇವತ್ತು ಆ ಮಾಹಿತಿ ತಿರುಗಿ ಬರುವುದೇ ಇಲ್ಲ. ಆಂಬುಲೆನ್ಸ್ ಗೇಟ್ ದಾಟಿತು, ರಿಜಿಸ್ಟರಿನಲ್ಲಿ ‘ರೆಫರ್ಡ್’ ಎಂದು ಬರೆದಾಯಿತು, ಮುಗಿಯಿತು. ಆ ಮಗು ಬದುಕಿತಾ ಎಂದು ಕಳಿಸಿದ ಪಿಜಿಗೆ ಗೊತ್ತಾಗುವುದು ತಾಯಿ ಮತ್ತೆ ಒಪಿಡಿಗೆ ಬಂದರೆ ಮಾತ್ರ. ಅವಧಿಗೆ ಮುನ್ನ ಹುಟ್ಟಿದ ಕೂಸನ್ನು ಟರ್ಕಿ ಟವೆಲಿನಲ್ಲಿ ಸುತ್ತಿ, ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕಳಿಸಿದ್ದೇವೆ ಅಂದುಕೊಳ್ಳಿ. ಅಲ್ಲಿ ತಲುಪಿದಾಗ ಮೈ ತಣ್ಣಗಾಗಿ, 36.5 ಡಿಗ್ರಿ ಇರಬೇಕಾದ ಉಷ್ಣತೆ 35ಕ್ಕಿಂತ ಕೆಳಗೆ ಇಳಿದಿದ್ದರೆ? ರಕ್ತದ ಸಕ್ಕರೆ 45ಕ್ಕಿಂತ ಕೆಳಗಿದ್ದರೆ? ಕಳಿಸಿದವರಿಗೆ ಅದು ಗೊತ್ತೇ ಆಗದಿದ್ದರೆ ಮುಂದಿನ ಕೂಸನ್ನೂ ಹಾಗೇ ಕಳಿಸುತ್ತಾರೆ. ಗೊತ್ತಾದರೆ ಮುಂದಿನ ಸಲ ಟೊಪ್ಪಿ ಹಾಕುತ್ತಾರೆ, ಸ್ಥಿತಿ ಅನುಕೂಲವಾಗಿದ್ದರೆ ತಾಯಿಯ ಎದೆಗೆ ಕಟ್ಟಿ ಕಳಿಸುತ್ತಾರೆ, ಹೊರಡುವ ಮುಂಚೆ ಸಕ್ಕರೆ ನೋಡುತ್ತಾರೆ, ಆಂಬುಲೆನ್ಸಿನ ಎಸಿ ಆರಿಸಲು ಹೇಳುತ್ತಾರೆ.

ಆದ್ದರಿಂದ ಒಂದು ಹಾಳೆ ಮಾಡಿ. ತಲುಪಿದಾಗಿನ ಉಷ್ಣತೆ, ಸಕ್ಕರೆ, ಆಮ್ಲಜನಕ, ಐವಿ ಲೈನ್ ನಡೆಯುತ್ತಿತ್ತೋ ಇಲ್ಲವೋ, 24 ಗಂಟೆಯ ನಂತರ ಹೇಗಿದೆ. ಇಷ್ಟು ಸಾಕು. ಅಲ್ಲಿ ತೆಗೆದುಕೊಂಡ ಪಿಜಿ ತುಂಬಿ, ಇಲ್ಲಿ ಕಳಿಸಿದ ಪಿಜಿಗೆ ತಿಳಿಸಬೇಕು. ಇಬ್ಬರೂ ಕಲಿಯುತ್ತಾರೆ. ತಿಂಗಳಿಗೊಮ್ಮೆ ಆ ಹಾಳೆಗಳನ್ನು ಇಟ್ಟುಕೊಂಡು ಎರಡೂ ವಿಭಾಗ ವಿಡಿಯೋದಲ್ಲಿ ಕೂತು ಎರಡು ಮಕ್ಕಳ ಬಗ್ಗೆ ಮಾತಾಡಿ. ಯಾರ ತಪ್ಪು ಎಂದು ಹುಡುಕುವ ಸಭೆ ಆಗಬಾರದು. ಒಮ್ಮೆ ಹಾಗಾದರೆ ಮುಂದಿನ ತಿಂಗಳು ಯಾರೂ ನಿಜ ಹೇಳುವುದಿಲ್ಲ. ಮಗುವಿನ ಹೆಸರು, ಊರು, ಮುಖದ ಫೋಟೋ ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಕ್ಸ್‌ರೇ ಹಾಕುವಾಗ ಮೂಲೆಯಲ್ಲಿರುವ ಹೆಸರನ್ನೂ ಅಳಿಸಿ. ಸಣ್ಣ ಊರಿನಲ್ಲಿ ‘ಅಂಕೋಲಾದ ಆ ಮಗು’ ಎಂದರೂ ಸಾಕು, ಗುರುತು ಸಿಕ್ಕಿಬಿಡುತ್ತದೆ.

ಈ ಪರಿಚಯ ಬರೀ ಪಾಠಕ್ಕಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಳೆಗಾಲದಲ್ಲಿ ನಮ್ಮ ದಾರಿಗಳ ಕತೆ ನಿಮಗೆ ನಾನು ಹೇಳಬೇಕಿಲ್ಲ. ದಾರಿ ಮುಚ್ಚಿದ ದಿನ ಮಗುವನ್ನು ಕಳಿಸಲು ಆಗುವುದಿಲ್ಲ. ಆಗ ಉಳಿಯುವುದು ಫೋನ್. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರ ಸಲಹೆಯನ್ನು ಹೀಗೆ ಕೇಳಬಹುದು, ಚಿಕಿತ್ಸೆಯ ಹೊಣೆ ಮಗುವಿನ ಬಳಿ ಇರುವವರದ್ದೇ. ಆದರೆ ರಾತ್ರಿ ಎರಡು ಗಂಟೆಗೆ ಮುಖ ನೋಡದ ಪ್ರೊಫೆಸರಿಗೆ ಫೋನ್ ಮಾಡಲು ಯಾವ ಪಿಜಿಗೂ ಧೈರ್ಯ ಬರುವುದಿಲ್ಲ. ತಿಂಗಳಿಗೊಮ್ಮೆ ಮಾತಾಡಿದವರಿಗೆ ಮಾಡುತ್ತಾರೆ.

ಇದು ಆರು ತಿಂಗಳು ನಡೆದ ಮೇಲೆ ಪಿಜಿಗಳನ್ನು ಕಳಿಸಿ ಕರೆಸುವ ಮಾತಿಗೆ ಬನ್ನಿ. ಎಡವುವುದು ಇಲ್ಲೇ ಜಾಸ್ತಿ. ನಿಮ್ಮಲ್ಲಿರುವ ಕೆಲವೇ ಪಿಜಿಗಳಲ್ಲಿ ಒಬ್ಬರು ಹೋದರೆ ಉಳಿದವರ ಮೇಲೆ ರಾತ್ರಿ ಡ್ಯೂಟಿ ಬೀಳುತ್ತದೆ. ಸುಸ್ತಾದ ಪಿಜಿ ಡೋಸ್ ತಪ್ಪು ಬರೆಯುತ್ತಾನೆ. ಮಕ್ಕಳಲ್ಲಿ ದಶಮಾಂಶ ಬಿಂದು ಒಂದು ಕಡೆ ಸರಿದರೆ ಹತ್ತು ಪಟ್ಟು. ಹಾಗಾಗಿ ಒಬ್ಬರು ಹೋದರೆ ಒಬ್ಬರು ಬರಲೇಬೇಕು ಎಂದು ಪಟ್ಟು ಹಿಡಿಯಿರಿ. ಮಳೆಗಾಲದಲ್ಲಿ, ಡೆಂಗಿ ಜೋರಿದ್ದಾಗ ಕಳಿಸಬೇಡಿ. ಎರಡರಿಂದ ನಾಲ್ಕು ವಾರ ಸಾಕು. ಅಲ್ಲಿ ಹೋದವರು ‘ನೋಡಲು ಬಂದವರು’ ಎಂದು ಮೂಲೆಯಲ್ಲಿ ನಿಲ್ಲಬಾರದು. ಯಾವ ಕೆಲಸ ಯಾರ ಕಣ್ಣೆದುರು ಮಾಡಬಹುದು, ಯಾರು ಸಹಿ ಮಾಡಬೇಕು ಎಂದು ಮೊದಲೇ ಬರೆದಿರಬೇಕು. ಹಾಸ್ಟೆಲ್ ರೂಮು, ಸ್ಟೈಪೆಂಡ್ ಎಲ್ಲಿಂದ, ಏನಾದರೂ ಹೆಚ್ಚುಕಮ್ಮಿ ಆದರೆ ಕಾನೂನಿನ ಹೊಣೆ ಯಾರದು, ರಾತ್ರಿ ಡ್ಯೂಟಿ ಮುಗಿಸಿದ ಹುಡುಗಿ ರೂಮಿಗೆ ಹೇಗೆ ಹೋಗುತ್ತಾಳೆ, ಇವನ್ನೆಲ್ಲ ಕಾಗದದ ಮೇಲೆ ತನ್ನಿ. ಸಣ್ಣ ವಿಷಯ ಎಂದು ಬಿಟ್ಟ ಕಡೆಯೇ ಜಗಳ ಹುಟ್ಟಿದ್ದನ್ನು ನೋಡಿದ್ದೇನೆ. ಒಂದು ಕಡೆಯಂತೂ ನಮ್ಮ ಪಿಜಿ ಹೋಗಿ ಇಳಿದ ಮೇಲೆ ರೂಮು ಇಲ್ಲ ಎಂದರು. ಆ ಹುಡುಗಿ ಎರಡು ರಾತ್ರಿ ಡ್ಯೂಟಿ ರೂಮಿನಲ್ಲೇ ಮಲಗಿ ವಾಪಸ್ ಬಂದಳು. ಮರುವರ್ಷ ಅಲ್ಲಿಗೆ ಹೋಗಲು ಯಾರೂ ಒಪ್ಪಲಿಲ್ಲ.

ನಿಮ್ಮಲ್ಲಿಗೆ ಬರುವವರಿಗೂ ಅಷ್ಟೇ ಕಾಳಜಿ ಬೇಕು. ಜೋಯಿಡಾ ಕಡೆಯ ತಾಯಿ ಕೊಂಕಣಿಯಲ್ಲೋ ಮರಾಠಿಯಲ್ಲೋ ಮಾತಾಡುತ್ತಾಳೆ. ಹೊರಗಿನಿಂದ ಬಂದ ಪಿಜಿಗೆ ಮೊದಲ ದಿನವೇ ನಿಮ್ಮ ಸಿಸ್ಟರ್ ಒಬ್ಬರನ್ನು ಜೊತೆ ಮಾಡಿ.

ಅಣಕು ಪ್ರಾಯೋಗಿಕ ಪರೀಕ್ಷೆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಸುಲಭ, ಲಾಭ ದೊಡ್ಡದು. ಪರೀಕ್ಷೆಗೆ ಮೂರು ತಿಂಗಳ ಮುಂಚೆ ಎರಡು ಕಾಲೇಜಿನ ಪಿಜಿಗಳನ್ನು ಅದಲುಬದಲು ಮಾಡಿ ಕೇಸ್ ಕೊಡಿ. ನಮ್ಮ ಪಿಜಿಯ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಭ್ಯಾಸ ಆಗಿಹೋಗಿರುತ್ತದೆ. ಹೊರಗಿನವರಿಗೆ ಐದು ನಿಮಿಷದಲ್ಲಿ ಕಾಣುತ್ತದೆ. ನವಜಾತ ಶಿಶುವಿನ ಪುನಶ್ಚೇತನದ ಗೊಂಬೆಗಳನ್ನು ಎಲ್ಲರೂ ಕೊಳ್ಳುವ ಬದಲು ಸರದಿಯಲ್ಲಿ ಹಂಚಿಕೊಳ್ಳಿ. ಕೂಡಿ ಸಂಶೋಧನೆ ಮಾಡುವ ಆಸೆ ಇದ್ದರೆ ನಿಧಾನವಾಗಿ ಹೋಗಿ. ಪ್ರತಿ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಗೆ ಸಮಯ ಹಿಡಿಯುತ್ತದೆ, ಪಿಜಿಯ ಪ್ರಬಂಧದ ಗಡುವು ಕಾಯುವುದಿಲ್ಲ. ಯಾರ ಹೆಸರು ಮೊದಲು ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮುಖ್ಯಸ್ಥರು ತಮ್ಮತಮ್ಮಲ್ಲೇ ಮಾತಾಡುವ ಆ ಒಂದು ಗಂಟೆ. ಪಿಜಿಗಳಿಲ್ಲದೆ, ಪ್ರಾಂಶುಪಾಲರಿಲ್ಲದೆ, ರೆಕಾರ್ಡ್ ಮಾಡದೆ. ಮೊದಲ ಬಾರಿ ವಾರ್ಡಿನಲ್ಲಿ ಮಗು ಸತ್ತಾಗ ಪಿಜಿ ಕುಸಿದುಹೋದರೆ ಏನು ಮಾಡುತ್ತೀರಿ? ಬುದ್ಧಿವಂತ, ಆದರೆ ಸಿಸ್ಟರ್‌ಗಳ ಮೇಲೆ ಕೂಗಾಡುವವನನ್ನು ಹೇಗೆ ತಿದ್ದುತ್ತೀರಿ? ಎರಡನೇ ವರ್ಷದಲ್ಲಿ ಕೋರ್ಸ್ ಬಿಡುತ್ತೇನೆ ಎನ್ನುವವಳಿಗೆ ಏನು ಹೇಳುತ್ತೀರಿ? ಇದನ್ನು ನಮಗೆ ಯಾರೂ ಕಲಿಸಿಲ್ಲ. ಮನೆಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ವಿಭಾಗದಲ್ಲಿ ಹೇಳಿದರೆ ಸುದ್ದಿಯಾಗುತ್ತದೆ. ಇದೇ ಕುರ್ಚಿಯಲ್ಲಿ ಕೂತ ಇನ್ನೊಬ್ಬರಿಗೆ ಹೇಳಬಹುದು. ಅಲ್ಲೂ ಪಿಜಿಯ ಹೆಸರು ಹೇಳಬೇಡಿ. ನಾಳೆ ಆ ಮಗಳು ಅದೇ ಕಾಲೇಜಿಗೆ ಸೀನಿಯರ್ ರೆಸಿಡೆಂಟ್ ಕೆಲಸ ಕೇಳಲು ಹೋಗಬಹುದು.

ನಿಮ್ಮ ಹಿರಿಯರಿಗೆ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಕಳೆದ ಮೂರು ತಿಂಗಳಲ್ಲಿ ನೀವು ರೆಫರ್ ಮಾಡಿದ ಮಕ್ಕಳ ಪಟ್ಟಿಯನ್ನು ರಿಜಿಸ್ಟರಿನಿಂದ ತೆಗೆದು ಅವರ ಮೇಜಿನ ಮೇಲಿಡಿ. ಪಕ್ಕದಲ್ಲಿ ‘ನಂತರ ಏನಾಯಿತು’ ಎಂಬ ಕಾಲಂ ಖಾಲಿ ಬಿಟ್ಟಿರಿ. ಅದನ್ನು ತುಂಬಲು ಒಂದು ಫೋನ್ ಮಾಡಲು ಅನುಮತಿ ಕೇಳಿ. ಅವರೂ ಮಕ್ಕಳ ಡಾಕ್ಟರೇ ಅಲ್ವಾ, ಆ ಕಾಲಂ ನೋಡಿ ಬೇಡ ಎನ್ನಲಾರರು.